ಬಿಸಿಲಿಗೆ ಹಾಕಿದ ಬೂಷ್ಟು

ಬೂಷ್ಟು ಹಿಡಿದದ್ದನ್ನು ಕಂಡು ಯಾರಾದರೂ ಕುಣಿದಾಡುತ್ತಾರಾ? ನನ್ನ ಚಿಕ್ಕಪ್ಪನ ಮಗಳು ನಾಗಮ್ಮ ಕುಣಿದಾಡಿದ್ದಳು. ಮುಂಗಾರಿಗೆ ಮುಂಚೆ ಫೋನ್ ಮಾಡಿ, "ಅಣ್ಣಾ, ಹಸರ ಬೂಷ್ಟ ಬಂದೈತಿ!" ಅಂದಿದ್ದಳು, ಮಗಳು ಪಾಸಾದಳು ಅನ್ನುವ ಹಾಗೆ.

ರಾಜ್ಯದ ಗಡಿಯಾಚೆ, ಮಾಗನೂರಿನ ಹತ್ತಿರ ಅವರದು ತೊಗರಿ ಹೊಲ. ಹೂ ಬಿಡುವ ಹೊತ್ತಿಗೆ ನೆಟೆ ರೋಗ ಬಂದು ಗಿಡಗಳು ನಿಂತಲ್ಲೇ ಒಣಗುತ್ತವೆ. ಗಂಡ ಹನುಮಂತು ಅಂಗಡಿಯ ಔಷಧ ತಂದು ಬುಡಕ್ಕೆ ಸುರಿಯುತ್ತಾನೆ. (ಜಿಲ್ಲೆಯಾದ ಮೇಲೆ ನಾರಾಯಣಪೇಟೆಯಲ್ಲಿ ಇಂಥ ಅಂಗಡಿಗಳಿಗೇನೂ ಬರವಿಲ್ಲ.) ರೋಗ ಮಾತ್ರ ಜಗ್ಗುವುದಿಲ್ಲ.

ಸರ್ಕಾರ ರೈತರಿಗೆ ಕಟ್ಟಿಸಿದ ರೈತು ವೇದಿಕದ ಟ್ರೇನಿಂಗಿಗೆ ಹೋದ ನಾಗಮ್ಮ ಟ್ರೈಕೋಡರ್ಮಾ ಪುಡಿ ತಂದಳು. ಅದು ಒಳ್ಳೆಯ ಶಿಲೀಂಧ್ರ, ಮಣ್ಣಿನಲ್ಲಿದ್ದು ನೆಟೆ ರೋಗ ತರುವ ಕೆಟ್ಟದ್ದನ್ನು ತಿಂದುಹಾಕುತ್ತದೆ. ಕುರಿಗೊಬ್ಬರಕ್ಕೆ ನೀರು ಚಿಮುಕಿಸಿ, ಪುಡಿ ಕಲಸಿ, ನೆರಳಲ್ಲಿ ಗೋಣಿಚೀಲ ಹೊದಿಸಿಡಬೇಕು. ಹಸಿರು ಬೂಷ್ಟು ಬಂದರೆ ಔಷಧ ಬದುಕಿದೆ ಎಂದರ್ಥ; ಬಿಸಿಲು ತಾಗಿದರೆ ಸಾಯುತ್ತದೆ.

ಹನುಮಂತು ಅರೆಮನಸ್ಸಿನಿಂದ ಒಪ್ಪಿದ್ದ. "ಇದೊಂದ್ ವರ್ಷ ನೋಡ್ತೀನಿ. ತೊಗರಿ ಒಣಗಿತಂದ್ರ ಮತ್ತ ಈ ಮಾತ ಎತ್ತಬಾರ್ದು."

ಬೂಷ್ಟು ಬಂದ ಮರುದಿನವೇ ಅವ್ವನಿಗೆ ಜ್ವರ ಅಂತ ನಾಗಮ್ಮ ಮಕ್ತಲದ ತವರಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಮಳೆ ಬಿದ್ದು, ಹನುಮಂತು ಗೊಬ್ಬರ ಚೆಲ್ಲಿ ಬಿತ್ತನೆಯನ್ನೂ ಮುಗಿಸಿದ್ದ.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಅರ್ಧ ಹೊಲ ಒಣಗಿ ನಿಂತಿತ್ತು.

ಊಟಕ್ಕೆ ಕೂತಾಗ ಹನುಮಂತು ಶುರು ಮಾಡಿದ. "ಜೀವ ಇರೋ ಔಷಧ ಅಂತಿದ್ಲರೀ ನಿಮ್ಮ ತಂಗಿ. ಎಲ್ಲೈತ್ರಿ ಜೀವ?"

ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ಮಲ್ಲವ್ವ ಸೊಸೆಯ ಪರ ನಿಂತರು. "ಆಕಿದೇನ್ ತಪ್ಪೈತೋ? ಆಕಿ ತವರಿಗೆ ಹೋದಾಗ ಗೊಬ್ಬರಕ್ಕೆಲ್ಲಾ ಬೂಷ್ಟ ಹಿಡದಿತ್ತು. ನೀ ನೋಡಿದ್ರ ಆಕಿಗೆ ಬೈತಿ ಅಂತ ನಾನ ಬಿಸಿಲಿಗೆ ಹರವಿ, ಚಲೋತ್ನಂಗ ಒಣಗಿಸಿ, ಚೀಲ ತುಂಬಿಟ್ಟೆ."

ನಾಗಮ್ಮ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ.

"ಚಲೋ ಮಾಡಿದ್ರಿ ಬಿಡ್ರಿ ಅತ್ತಿ" ಅಂದಳು.

ಹಪ್ಪಳ, ಉಪ್ಪಿನಕಾಯಿ, ಹುಣಸೆಹಣ್ಣು, ಯಾವುದಕ್ಕೆ ಬೂಷ್ಟು ಬಂದರೂ ಆ ಮನೆಯಲ್ಲಿ ಬಿಸಿಲೇ ಮದ್ದು. ಮಲ್ಲವ್ವ ಸಂಸಾರ ತೂಗಿಸಿದ್ದೇ ಹಾಗೆ. ಬೂಷ್ಟೇ ಔಷಧ ಅಂತ ಅವರಿಗೆ ಹೇಳಿದವರು ಯಾರು? ಪೊಟ್ಟಣದ ಮೇಲೆ ಇಂಗ್ಲಿಷು. ಟ್ರೇನಿಂಗು ಮನೆಗೊಬ್ಬರಿಗೆ. ಕೆಮಿಕಲ್ ಡಬ್ಬಿಯ ಕೆಂಪು ತ್ರಿಕೋನ ಕಂಡರೆ ಓದು ಬಾರದವರೂ ಅದನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡುತ್ತಾರೆ. ಬದುಕಿರುವ ಔಷಧವನ್ನು ನೆರಳಲ್ಲಿಡಿ ಎನ್ನುವ ಒಂದು ಚಿತ್ರ ಬರೆಯಲು ಪೊಟ್ಟಣ ಮಾಡುವವರಿಗೇನು ಕಷ್ಟವಿತ್ತು? ಇಷ್ಟು ಸಣ್ಣ ಮಾತಿಗೆ ಅರ್ಧ ಹೊಲ ಹೋಯಿತಲ್ಲ!

ಅಂಗಳಕ್ಕೆ ಬಂದಾಗ ನಾಗಮ್ಮನನ್ನು ಕೇಳಿದೆ, "ಯಾಕ ಸುಮ್ನಾದಿ?"

"ಹೆಂಗ ಹೇಳ್ಲಿ ಅಣ್ಣಾ? ನನಗ ಬೈಗಳ ತಪ್ಪಸಾಕ ಮಾಡ್ಯಾರ. ಗೊತ್ತಾದ್ರ ಊಟ ಬಿಟ್ಟು ಕುಂದರ್ತಾರ."

ನಾನು ಹೊರಟಾಗ ಮಲ್ಲವ್ವ ಬಾಗಿಲ ತನಕ ಬಂದು ದನಿ ತಗ್ಗಿಸಿದರು. "ಮಗಗ ನಾ ಒಪ್ಪಸ್ತೀನಿ ತಮ್ಮಾ, ಮುಂದಿನ ವರ್ಷನೂ ಆಕಿ ಮಾಡ್ಲಿ. ಆವಾಗ ಬೂಷ್ಟ ಹಿಡಿಯೋಕಿಂತ ಮೊದಲ ಬಿಸಿಲಿಗೆ ಹಾಕ್ತೀನಿ."

ಈಗ ನೀವೇ ಹೇಳಿ, ಆ ತಾಯಿಗೆ ನಿಜ ಹೇಳುವವರು ಯಾರು?