ಅಕ್ಕನ ಹೆಸರು

ಕುವೈತಿನ ಆಸ್ಪತ್ರೆಯೊಂದರಲ್ಲಿ ನನಗೆ ನರ್ಸ್ ಕೆಲಸ ಸಿಕ್ಕಿತ್ತು. ಅಲ್ಲಿಗೆ ಕೊಡುವ ಜನನ ಪತ್ರಕ್ಕೆ ಸರ್ಕಾರದ ಮೊಹರು ಬೀಳಬೇಕಿತ್ತು. ಕೆ.ಆರ್. ಪೇಟೆಯ ಕಚೇರಿಯಲ್ಲಿ ಗುಮಾಸ್ತರು ಹಳೇ ರಿಜಿಸ್ಟರ್ ತೆಗೆದು, ನನ್ನ ಹೆಸರಿನ ಮೇಲೆ ಬೆರಳಿಟ್ಟು ತಲೆಯೆತ್ತಿ ನನ್ನನ್ನು ನೋಡಿದರು.

"ಈ ಮಗು ಎರಡು ವರ್ಷಕ್ಕೇ ತೀರೋಯ್ತು ಅಂತ ಬರ್ದವ್ರೆ ಕಣವ್ವ," ಅಂದರು.

ಹೆಸರು, ಅಪ್ಪ, ಅಮ್ಮ, ಊರು ಎಲ್ಲ ನನ್ನವೇ. ಮನೆಗೆ ಬಂದು ಕೇಳಿದರೆ ಅಮ್ಮ ಮುಖ ತಿರುಗಿಸಿದಳು.

"ಅವ್ಳು ನಿಮ್ಮಕ್ಕ. ಅವ್ಳೇ ತಿರ್ಗಾ ಬಂದವ್ಳೆ ಅಂತ ನಿಂಗೆ ಅದೇ ಹೆಸ್ರಿಟ್ಟೊ. ನಿನ್ ಹುಟ್ಟು ಬರ್ಸ್ಲೇ ಇಲ್ಲ, ಇಸ್ಕೂಲಿಗೂ ಅವ್ಳ ಕಾಗ್ದಾನೇ ಕೊಟ್ಬುಟ್ಟೊ."

ನನಗೊಬ್ಬಳು ಅಕ್ಕ ಇದ್ದಳೆಂಬುದೇ ಗೊತ್ತಿರಲಿಲ್ಲ. ಕೋರ್ಟಿಗೆ ಅಲೆದು ನನ್ನ ಹುಟ್ಟನ್ನು ಹೊಸದಾಗಿ ಬರೆಸಿದೆ, ಮೊಹರೂ ಬಿತ್ತು. ಈಗ ಕಾಗದದಲ್ಲಿ ಮೂರು ವರ್ಷ ಚಿಕ್ಕವಳಾಗಿದ್ದೇನೆ. ಆದರೆ ಅಮ್ಮ ಕುವೈತಿಗೆ ಫೋನ್ ಮಾಡಿ ಹೆಸರು ಹಿಡಿದು ಕರೆದಾಗ, ಯಾರನ್ನು ಕರೆಯುತ್ತಿದ್ದಾಳೋ ಎಂದು ಒಂದು ಗಳಿಗೆ ತಡೆದೇ ಓಗೊಡುತ್ತೇನೆ.