ಅಪ್ಪ ತೊಳೆದ ಪ್ರಿಂಟರ್

ನಮ್ಮಪ್ಪನಿಗೆ ಯಂತ್ರವೆಂದರೆ ಪಾತ್ರೆ ಇದ್ದ ಹಾಗೆ, ಬೆಳಗದೆ ಬಳಸುವಂತಿಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಂದು ಕಂಪ್ಯೂಟರ್ ಮುಂದೆ ಕೂತು ಪ್ರಿಂಟರಿಗೆ ಹೆಡ್ ಕ್ಲೀನಿಂಗ್ ಕೊಡುತ್ತಿದ್ದರು. ಅದು ಗರಗರ ಸದ್ದು ಮಾಡುತ್ತ ಬಾಯಿ ಮುಕ್ಕಳಿಸಿ ಮಸಿ ಉಗುಳುವುದು. ಒಂದು ಸಲ ಸಾಲದೆಂದು ಇನ್ನೊಂದು ಸಲ. ಅಂದು ಒಂದು ಹಾಳೆಯೂ ಅಚ್ಚಾಗದಿದ್ದರೂ ಸರಿಯೇ, ಕ್ಲೀನಿಂಗ್ ತಪ್ಪಬಾರದು. ಯಾಕಪ್ಪಾ, ಮಸಿ ದಂಡವಲ್ಲವೇ ಎಂದು ಕೇಳಿದರೆ, "ಕೊಡಾ ಬೆಳಗಲಾರದ ನೀರ ತುಂಬ್ತಾರೇನ? ನಿಮ್ಮವ್ವ ಇದ್ದಿದ್ರ ನಿಮಗ ಕಲಸ್ತಿದ್ಲು" ಎನ್ನುತ್ತಿದ್ದರು. ಅಪ್ಪನಿಗೆ ಕಂಪ್ಯೂಟರಿನಲ್ಲಿ ಬರುತ್ತಿದ್ದದ್ದು ಅದೊಂದೇ ಕೆಲಸ.

ಆಗ ನಾವು ಚೆನ್ನೈನ ಅಂಬತ್ತೂರಿನಲ್ಲಿದ್ದೆವು. ಅವ್ವ ತೀರಿಕೊಂಡಿದ್ದಳು. ಅಪ್ಪ ವಿಮೆ ಕಚೇರಿಯಿಂದ ನಿವೃತ್ತರಾಗಿ ಮನೆಯಲ್ಲಿದ್ದರು. ನಾನು ಅಲ್ಲಿನ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಯ ಆಫೀಸಿಗೆ ಹೋಗುತ್ತಿದ್ದೆ. ಮನೆಯಲ್ಲಿ ದಿನವಿಡೀ ಅಪ್ಪನ ಕೈಗೆ ಸಿಗುತ್ತಿದ್ದವಳು ನನ್ನ ತಂಗಿ. ಅವಳಿಗೆ ಮಾತು ತೊದಲುತ್ತಿತ್ತು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿಕೊಂಡು ನಿಲ್ಲುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಕಾಯುತ್ತಿದ್ದರು. ನಮ್ಮಪ್ಪ ಅವಳ ಮಾತನ್ನು ತಾವೇ ಅಣಕಿಸಿ ಮುಗಿಸುತ್ತಿದ್ದರು. ಬಂದ ನೆಂಟರ ಎದುರಿಗೂ ಅಷ್ಟೇ. ನೆಂಟರು ನಕ್ಕರೆ ಇವರಿಗೆ ಇನ್ನಷ್ಟು ಹುರುಪು. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆ ಹುಡುಗಿಯ ಕೈಯಲ್ಲಿ ಮಾತ್ರ ಏನೋ ಇತ್ತು. ಚೆನ್ನೈನ ಉಪ್ಪುಗಾಳಿಗೆ ಹಳೆಯ ಫೋಟೊಗಳು ಬೂಸ್ಟು ಹಿಡಿಯುತ್ತವೆ, ಗಾಜಿಗೆ ಅಂಟಿಕೊಳ್ಳುತ್ತವೆ. ಅಂಥವನ್ನು ಗುರುತಿನವರ ಮನೆಗಳಿಂದ ತಂದು ಸ್ಕ್ಯಾನ್ ಮಾಡಿ, ಕಲೆಗಳನ್ನು ಒಂದೊಂದಾಗಿ ತೆಗೆದು, ಹರಿದ ಕೆನ್ನೆ, ಮಾಸಿದ ಕಣ್ಣು ಎಲ್ಲವನ್ನೂ ಮತ್ತೆ ಬರಿಸುತ್ತಿದ್ದಳು. ಪ್ರಿಂಟರನ್ನೂ ಸ್ಕ್ಯಾನರನ್ನೂ ನಾನು ಕೊಂಡದ್ದೇ ಅವಳಿಗಾಗಿ. ಅವಳ ಕೆಲಸ ನೋಡಿದವರೊಬ್ಬರು ತಿರುವೊಟ್ಟಿಯೂರಿನ ಒಂದು ಸ್ಟುಡಿಯೊಗೆ ಹೇಳಿದರು. ಸೋಮವಾರ ಬಾ, ಮಾಡಿದ ಕೆಲಸ ತೋರಿಸು, ಹಿಡಿಸಿದರೆ ಅವತ್ತಿನಿಂದಲೇ ಸೇರಿಕೋ ಎಂದು ಅಲ್ಲಿಂದ ಫೋನು ಬಂತು. ತಂಗಿ ಅಡುಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳಿಗೆ ಬೇಕಾಗಿದ್ದದ್ದು ಸಂಬಳಕ್ಕಿಂತ ಹೆಚ್ಚಾಗಿ, ಹಗಲು ಹೊತ್ತು ಆ ಮನೆಯಿಂದ ಹೊರಗಿರುವುದು.

"ನಾಲಿಗಿ ತಿರಗವಲ್ಲದು, ಕೆಲಸಕ್ಕ ಹೊಂಟಾಳ!" ಎಂದರು ಅಪ್ಪ. "ಅಲ್ಲೆ ಹೆಸರ ಕೇಳ್ತಾರ. ನೀ ಹೇಳಿ ಮುಗಸೂದ್ರಾಗ ಅಂಗಡಿ ಬಾಗ್ಲಾ ಹಾಕಿರ್ತಾರ." ನಾನು ಜಗಳಕ್ಕೆ ನಿಂತೆ. ಕೊನೆಗೆ ಒಂದು ಷರತ್ತು ಹಾಕಿದರು. ಭಾನುವಾರ ಸಂಜೆಯೊಳಗೆ ಎಲ್ಲ ಫೋಟೊ ಅಚ್ಚಾಗಿ ತಮ್ಮ ಎದುರಿಗೆ ಬರಬೇಕು. ಒಂದರಲ್ಲಿ ಒಂದು ಗೀರು ಕಂಡರೂ ಹೊಸ್ತಿಲು ದಾಟುವಂತಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪನ ಕ್ಲೀನಿಂಗ್ ನಡುವೆಯೇ ಪ್ರಿಂಟರ್ ನಿಂತುಹೋಯಿತು. ಎರಡು ಕೆಂಪು ದೀಪ ಒಂದಾದ ಮೇಲೊಂದು ಮಿಣುಕತೊಡಗಿದವು. ಒಳಭಾಗಗಳ ಆಯುಷ್ಯ ಮುಗಿದಿದೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಅಪ್ಪ ಅದನ್ನು ಗಟ್ಟಿಯಾಗಿ ಓದಿ ತಂಗಿಯ ಕಡೆ ತಿರುಗಿದರು.

"ಮುಟ್ಟಿದಿಲ್ಲ? ಮುಗೀತು. ಆಕಿ ಕೈ ಹಚ್ಚಿದ್ದು ಯಾವುದರ ಉದ್ಧಾರ ಆಗೇತೇನ?"

ಮುಟ್ಟಿದ್ದವರು ತಾವು! ಬೆರಳು ಇನ್ನೂ ಮೌಸಿನ ಮೇಲೇ ಇತ್ತು.

ಆಫೀಸಿಗೆ ಹೋಗಿ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಕೇಳಿದೆ. ತೊಳೆದ ಮಸಿ ಪ್ರಿಂಟರಿನ ಹೊಟ್ಟೆಯಲ್ಲಿರುವ ಒಂದು ದಪ್ಪ ಪ್ಯಾಡಿಗೆ ಇಳಿಯುತ್ತದಂತೆ. ಎಷ್ಟು ಇಳಿಯಿತೆಂದು ಯಂತ್ರವೇ ಲೆಕ್ಕ ಇಟ್ಟುಕೊಂಡು, ಪ್ಯಾಡ್ ತುಂಬಿತು ಅನ್ನಿಸಿದಾಗ ಮುಷ್ಕರ ಹೂಡುತ್ತದೆ. ಆ ಲೆಕ್ಕವನ್ನು ಸೊನ್ನೆ ಮಾಡುವ ಪ್ರೋಗ್ರಾಂ ಒಂದನ್ನು ಸಿಡಿಯಲ್ಲಿ ಹಾಕಿ ಕೊಟ್ಟ. "ಲೆಕ್ಕ ಮಾತ್ರ ಸೊನ್ನೆ ಆಗುತ್ತೆ ಮೇಡಂ, ಒಳಗಿನ ಮಸಿ ಹಾಗೇ ಇರುತ್ತೆ. ಅಲ್ಲಾಡಿಸಬೇಡಿ, ವಾಲಿಸಬೇಡಿ. ಪುರುಸೊತ್ತಾದಾಗ ಬಿಚ್ಚಿ ಪ್ಯಾಡ್ ಬದಲಾಯಿಸೋಣ" ಎಂದ.

ಮನೆಗೆ ಬಂದವಳೇ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪ್ಯಾಡ್ ತುಂಬಿಸಿದ್ದು ನಿಮ್ಮ ದಿನನಿತ್ಯದ ಕ್ಲೀನಿಂಗೇ ಎಂದೂ ಸೇರಿಸಿದೆ. ತಂಗಿಯ ಎದುರಿಗೇ ಹೇಳಿದೆ. ಅಪ್ಪ ಉಸಿರೆತ್ತದೆ ಒಳಗೆ ಹೋದರು. ಬೈದಿದ್ದರೆ ವಾಸಿ ಇತ್ತು. ನಮ್ಮಪ್ಪ ಸುಮ್ಮನಿದ್ದರೆಂದರೆ ಹಲ್ಲು ಮಸೆಯುತ್ತಿದ್ದಾರೆ ಎಂದೇ ಅರ್ಥ.

ಸಿಡಿ ಹಾಕಿದ ಮೇಲೆ ಪ್ರಿಂಟರ್ ಎದ್ದಿತು. ಭಾನುವಾರ ತಂಗಿ ಒಂದೊಂದೇ ಫೋಟೊ ಅಚ್ಚು ಹಾಕಿ ಮೇಜಿನ ಮೇಲೆ ಆರಲು ಹರಡುತ್ತ ಹೋದಳು. ನಡುವೆ ಅಪ್ಪ ತಮ್ಮ ತಾಯಿಯ ಫೋಟೊವನ್ನು ದೇವರ ಕೋಣೆಯ ಗೋಡೆಯಿಂದ ಇಳಿಸಿ, ಫ್ರೇಮು ಬಿಚ್ಚಿ ತಂದರು. "ಊರ ಮಂದೀದ ಆಮ್ಯಾಲೆ, ಮದಲ ನಿಮ್ಮ ಅಜ್ಜೀದ ಮಾಡು" ಎಂದು ಅವಳ ಮುಂದೆ ಹಾಕಿ ಹೋದರು. ಅಜ್ಜಿ ಅಪ್ಪನ ಬಾಲ್ಯದಲ್ಲೇ ಸತ್ತವಳು. ಮೂಗಿನಲ್ಲಿ ನತ್ತು, ತೊಡೆಯ ಮೇಲೆ ಕೂಸು ಅಪ್ಪ. ಅವಳದೆಂದು ಇದ್ದದ್ದು ಅದೊಂದೇ ಚಿತ್ರ, ಅದಕ್ಕೂ ಬೂಸ್ಟು ಹತ್ತಿತ್ತು. ಅಪ್ಪನಿಗೆ ಈ ಭೂಮಿಯ ಮೇಲೆ ಯಾರ ಮೇಲಾದರೂ ಜೀವ ಇದ್ದಿದ್ದರೆ ಅದು ಆ ಚಿತ್ರದ ಮೇಲೆ. ತಂಗಿ ಅದನ್ನು ಮೇಜಿನ ತುದಿಯಲ್ಲಿ ಇಟ್ಟುಕೊಂಡಳು. ಅಚ್ಚಾದ ಹಾಳೆಗಳು ಹೆಚ್ಚುತ್ತ ಅದರ ಮೇಲೂ ಬಂದವು.

ಸಂಜೆ ಅಪ್ಪ ಭೂತಗನ್ನಡಿ ಹಿಡಿದುಕೊಂಡು ಬಂದರು. ಕಿಟಕಿಯ ಹತ್ತಿರ ನಿಂತು, ತಂಗಿ ಎತ್ತಿ ಕೊಟ್ಟ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಗೀರಿಲ್ಲ, ಚುಕ್ಕಿಯಿಲ್ಲ. ನಾನು ನಗು ತಡೆಯಲಾರದೆ, "ಏನರೆ ಸಿಕ್ತೇನ್ರೀ ಅಪ್ಪಾ?" ಎಂದೆ.

ಅಪ್ಪನ ಮುಖ ಕಪ್ಪಿಟ್ಟಿತು. ಹಾಳೆಗಳನ್ನು ಮೇಜಿನ ಮೇಲೆ ಎಸೆದರು. "ಕಳ್ಳ ರಿಪೇರಿ ಮಾಡಿ ನನ್ನ ಕಣ್ಣಿಗೆ ಮಣ್ಣ ಹಾಕ್ತೀರೇನ? ಒಳಗ ಮಸಿ ತುಂಬೇತಿ ಅಂದ್ಯಲ್ಲ? ತೋರಸ್ತೇನಿ ತಡಿ" ಎಂದು ಪ್ರಿಂಟರನ್ನು ಎರಡೂ ಕೈಯಿಂದ ಎತ್ತಿ, ಹಾಳೆಗಳ ಮೇಲೆಯೇ ಬಗ್ಗಿಸಿದರು.

ಬಣ್ಣವೆಲ್ಲ ಬೆರೆತು ಕರ್ರಗಾದ ಮಸಿ ತಳದಿಂದ ಸುರಿಯಿತು. ತಂಗಿ ಮೇಜಿನ ತುದಿಯ ಕಡೆ ಕೈ ಚಾಚಿ "ಅ... ಅ... ಅ..." ಎಂದಳು. ಅಜ್ಜಿ ಎನ್ನಬೇಕಿತ್ತು ಅವಳಿಗೆ.

"ಅ ಅ ಅ!" ಅಪ್ಪ ತುಟಿ ಸೊಟ್ಟ ಮಾಡಿ ಅಣಕಿಸಿದರು. ಪ್ರಿಂಟರನ್ನು ಇನ್ನಷ್ಟು ಬಗ್ಗಿಸಿ ಕೊಡವಿದರು. "ಹೇಳ, ಹೇಳ! ಸೋಮವಾರ ಅಲ್ಲೂ ಹಿಂಗ ಹೇಳ!"

ನನಗೂ ಹೊಳೆಯಲಿಲ್ಲ. ಅವಳು ನುಗ್ಗಿ ಹಾಳೆಗಳನ್ನು ಸರಿಸಿದಾಗಲೇ ಅಡಿಯಲ್ಲಿದ್ದ ಹಳೆಯ ರಟ್ಟು ಕಂಡದ್ದು. ಅಪ್ಪ ಪ್ರಿಂಟರನ್ನು ಕೆಳಗೆ ಬಿಟ್ಟರು. ಧೋತರದ ತುದಿಯಿಂದ ಫೋಟೊ ಒರೆಸಿದರು, ಒರೆಸಿದಷ್ಟೂ ನೆನೆದ ಮೇಲ್ಪದರು ಸುಲಿದು ಬಂತು. ನತ್ತು ಹೋಯಿತು, ಮುಖ ಹೋಯಿತು, ಕೂಸೂ ಹೋಯಿತು. ಒರೆಸಬೇಡಿ ಎಂದು ನಾನು ಕೂಗುತ್ತಲೇ ಇದ್ದೆ. ಅಪ್ಪ ನೆಲದ ಮೇಲೆ ಕುಸಿದು ಕೂತು "ಯವ್ವಾ" ಎಂದರು. ಪಾಪ ಎನ್ನಬೇಕಿತ್ತು, ನನ್ನ ಬಾಯಿಗೆ ಬರಲಿಲ್ಲ.

ಆಮೇಲೆ ತಲೆಯೆತ್ತಿ ತಂಗಿಯನ್ನು ಕೇಳಿದರು: "ಕಂಪ್ಯೂಟರ್‌ನ್ಯಾಗ ತಗೊಂಡೀಯಿಲ್ಲ? ಹೇಳವಾ. ಐತಿಲ್ಲ?"

ಹೇಳವಾ! ಹುಟ್ಟಿದಾಗಿನಿಂದ ಆ ಮಗುವನ್ನು ಹಾಗೆ ಕರೆದವರಲ್ಲ.

ತಂಗಿ ಕಣ್ಣು ಮುಚ್ಚಿದಳು. ಕುತ್ತಿಗೆಯ ನರ ಉಬ್ಬಿತು. ಅಪ್ಪ ಬಾಯಿ ತೆರೆದುಕೊಂಡು ಕಾದರು, ಒಂದು ಅಕ್ಷರವನ್ನೂ ಕಿತ್ತುಕೊಳ್ಳಲಿಲ್ಲ. "ಐ... ಐತಿ," ಎಂದಳು. ಮತ್ತೆ ತಡೆದಳು. "ನಾ... ನಾಳೆ ನಾ ಕೆಲಸಕ್ಕ ಹೋಗ್ತೇನಿ."

"ಹೋಗು," ಎಂದರು ಅಪ್ಪ.

ಅಚ್ಚಾದ ಹಾಳೆಗಳು ಹಾಳಾಗಿದ್ದರೇನು, ಸಿಡಿಯಲ್ಲಿ ಹಾಕಿಕೊಂಡು ಹೋದಳು. ಸ್ಟುಡಿಯೊದವರು ಪರದೆಯ ಮೇಲೇ ನೋಡಿ ಸೇರಿಸಿಕೊಂಡರು. ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದಳು. ಸಂಜೆ ಗೇಟಿನ ಸದ್ದಾದರೆ ಅಪ್ಪ ಅಜ್ಜಿಯ ಫೋಟೊ ಕೇಳುತ್ತ ಎದ್ದು ಬರುತ್ತಿದ್ದರು. "ತಂದೇನವಾ?" ಇವಳು ಚಪ್ಪಲಿ ಬಿಡುತ್ತ "ನಾಳೆ ಅಪ್ಪಾ" ಎನ್ನುತ್ತಿದ್ದಳು. ಇವತ್ತು ಮೆಷಿನ್ ಕೆಟ್ಟಿದೆ, ಪೇಪರ್ ತೀರಿದೆ, ಬೂಸ್ಟು ಇನ್ನೂ ಪೂರ್ತಿ ಹೋಗಿಲ್ಲ. ಒಂದಲ್ಲ ಒಂದು. ಅಪ್ಪ ಅವಳಿಗೆ ಚಹಾ ಕಾಸಿಡತೊಡಗಿದರು, ಅಣಕಿಸುವುದನ್ನು ಬಿಟ್ಟರು. ವರ್ಷಗಳು ಹೀಗೇ ಹೋದವು. ಒಮ್ಮೆ ನನಗೇ ತಡೆಯದೆ, "ಕೊಟ್ಟುಬಿಡೇ, ಸಾಕು" ಎಂದೆ. ಅವಳು "ಪಾಕಲಾಂ ಅಕ್ಕಾ" ಎಂದು ತಮಿಳಿನಲ್ಲಿ, ನೋಡೋಣ ಅನ್ನುವ ಹಾಗೆ ಹೇಳಿ ಎದ್ದುಹೋದಳು. ಆಸ್ಪತ್ರೆಯಲ್ಲಿ ಕೊನೆಗಾಲದಲ್ಲೂ ಅಪ್ಪ ಅದನ್ನೇ ಕೇಳಿದರು. ಇವಳು ಅವರ ಹೊದಿಕೆ ಸರಿಮಾಡಿ, ಅದೇ "ನಾಳೆ ಅಪ್ಪಾ" ಎಂದಳು.

ಮಣ್ಣು ಮಾಡಿ ಬಂದ ಮೇಲೆ ನಾನೆಂದೆ: "ಈಗಲಾದರೂ ಅಜ್ಜೀದು ತೆಗಿ. ಅಪ್ಪನ ಫೋಟೊ ಪಕ್ಕ ಇಡೋಣ."

"ಇಲ್ಲ ಅಕ್ಕಾ."

"ಇಲ್ಲ ಅಂದ್ರ? ಇನ್ನೂ ಸಿಟ್ಟು ಹೋಗಿಲ್ಲೇನ?"

"ಸಿ... ಸಿಟ್ಟಲ್ಲ. ಅವತ್ತು ಅದನ್ನ ಸ್ಕ್ಯಾನ್ ಮಾಡಿರಲೇ ಇಲ್ಲ. ಅಚ್ಚು ಮುಗಿಸಿ ಮಾಡೂಣು ಅಂತ ಬಿಟ್ಟಿದ್ದೆ." ನನ್ನ ಮುಖವನ್ನೇ ನೋಡುತ್ತ ಹೇಳಿದಳು. "ಇಲ್ಲ ಅಂದಿದ್ರ ನನ್ನ ಹೊರಗ ಬಿಡ್ತಿದ್ರೇನಕ್ಕಾ?"

ಗೋಡೆಗೆ ಮೊಳೆ ಹೊಡೆದು ಅಪ್ಪನ ಫೋಟೊ ಒಂದನ್ನೇ ಹಾಕಿದೆವು.