ಎರೆ ಮುಟ್ಟಿದ ಕೈ

ಏಡಿಯಕ್ಕ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಬಸ್ಸಿನವನು ಚಿಲ್ಲರೆ ನುಂಗುತ್ತಾನೆ, ಸೊಸೆ ಮಗನ ಕಿವಿ ಊದುತ್ತಾಳೆ: ಇವೆಲ್ಲ ಅವಳ ಮಟ್ಟಿಗೆ ವಿಚಾರಣೆ ಮುಗಿದು ತೀರ್ಪೂ ಆದ ಕೇಸುಗಳು. ಏಡಿ ಹಿಡಿಯುವ ಬುಟ್ಟಿಗಳಿಗೆ ಎರೆಯೆಂದು ಕೊಳ್ಳುವ ಮೀನಿನ ತಲೆಯನ್ನಂತೂ ಮೂರು ಸಲ ಮೂಸದೆ ಬಕೆಟ್ಟಿಗೆ ಹಾಕಿದವಳೇ ಅಲ್ಲ. ಏಡಿ ಕೊಳೆತದ್ದಕ್ಕೇ ಬರುತ್ತದೆ ಎಂದು ಬಲ್ಲವರ ಹಾಗೆ ಹೇಳುವವರು ಜನ್ಮದಲ್ಲಿ ಒಂದು ಏಡಿ ಹಿಡಿದಿರುವುದಿಲ್ಲ. ಅದಕ್ಕೆ ಹಸಿ ರಕ್ತದ ವಾಸನೆಯೇ ಬೇಕು, ಹಳಸಿದ ಮಾಲನ್ನು ಅದು ತಿರುಗಿಯೂ ನೋಡದು. ಇಪ್ಪತ್ತೆರಡು ವರ್ಷ ಅವಳ ಮೂಗು ಈ ವಿಷಯದಲ್ಲಿ ಸೋತಿರಲಿಲ್ಲ. ಮೀನು ಕತ್ತರಿಸುವವನು ಅವಳನ್ನು ದೂರದಲ್ಲಿ ಕಂಡರೇ ಹಳೆಯ ತಲೆಗಳನ್ನು ಹಲಗೆಯ ಕೆಳಗೆ ತಳ್ಳುತ್ತಿದ್ದ.

ಆ ಮೂಗು ಹೋದ ವರ್ಷದ ಜ್ವರದಲ್ಲಿ ಕೈಕೊಟ್ಟಿತು. ಜ್ವರ ಇಳಿಯಿತು, ವಾಸನೆ ಮರಳಲಿಲ್ಲ. ಅವಳು ಬಾಯಿ ಬಿಡಲಿಲ್ಲ. ಬಿಟ್ಟರೆ ಮಗ ಇನ್ನು ದುಡಿದದ್ದು ಸಾಕು, ಮನೆಯಲ್ಲಿರು ಎನ್ನುತ್ತಾನೆ, ಬುಟ್ಟಿಗಳು ಸೊಸೆಯ ಪಾಲಾಗುತ್ತವೆ, ತಾನು ಟಿವಿಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತ ಕೂರಬೇಕು. ಹಾಗಾಗಿ ಈಗಲೂ ದಿನಾ ಬೆಳಿಗ್ಗೆ ತಲೆಗಳನ್ನು ಮೂಸಿ, ಮುಖ ಸಿಂಡರಿಸಿ, ಒಂದೆರಡನ್ನು ಪಕ್ಕಕ್ಕೆಸೆಯುತ್ತಾಳೆ. ಎಲ್ಲ ಬರೀ ನಾಟಕ. ಮೀನಿನವನಿಗೆ ಗೊತ್ತಾಗಿದೆಯೋ ಏನೋ ಎಂದು ಒಳಗೊಳಗೇ ಪುಕುಪುಕು.

ಎರೆ ಕಟ್ಟುವುದರಲ್ಲಿ ಮಾತ್ರ ಅವಳದು ಈಗಲೂ ಎತ್ತಿದ ಕೈ. ದಾರವನ್ನು ಮೀನಿನ ಕಣ್ಣಿನ ಗುಳಿಯಿಂದ ತೂರಿಸಿ, ಬಾಯಿಯಿಂದ ಎಳೆದು, ತಂತಿಬುಟ್ಟಿಯ ನಟ್ಟನಡುವೆ ತೂಗುಬಿಟ್ಟು ಎರಡು ಗಂಟು. ಎರೆ ಬದಿಗೆ ತಾಗಿದರೆ ಏಡಿ ಹೊರಗೇ ನಿಂತು ಊಟ ಮುಗಿಸಿ ಹೊರಟುಹೋಗುತ್ತದೆ. ಮಿಕ್ಕ ದಾರವನ್ನು ಅವಳು ಹಲ್ಲಿನಿಂದಲೇ ಕಚ್ಚಿ ತುಂಡರಿಸುತ್ತಾಳೆ.

ಒಂದು ಸಂಜೆ ನೀರಿನಿಂದ ಬುಟ್ಟಿ ಎತ್ತಿದಾಗ ಆ ದಾರದ ತುದಿ ಕತ್ತರಿ ಆಡಿಸಿದಷ್ಟು ನೇರವಾಗಿತ್ತು. ಮರುದಿನ ಐದು ಬುಟ್ಟಿಗಳಲ್ಲಿ ಮೂರರಲ್ಲಿ ಹಾಗೇ. ಏಡಿಗಳೇನೋ ಒಳಗಿದ್ದವು, ಮೊದಲಿನ ತಿಂಗಳುಗಳಿಗಿಂತ ಹೆಚ್ಚೇ ಇದ್ದವು. ಬೇರೆ ಯಾರೋ ಬುಟ್ಟಿ ಮುಟ್ಟುತ್ತಿದ್ದಾರೆಂಬ ಅವಳ ಅನುಮಾನ ಅದರಿಂದಲೇ ಬಲವಾಯಿತು. ದೊಡ್ಡವನ್ನು ಎತ್ತಿಕೊಂಡು, ಗೊತ್ತಾಗದಿರಲೆಂದು ಹೊಸ ಎರೆ ಕಟ್ಟಿ ಹೋಗುವ ಕಳ್ಳ ಸಾಮಾನ್ಯ ಖದೀಮನಲ್ಲ ಎಂದುಕೊಂಡಳು.

ಒಂದು ದಿನದ ಮಟ್ಟಿಗೆ ಮೀನಿನವನ ಮೇಲೆ ಗುಮಾನಿ ಪಟ್ಟಳು. ಆಮೇಲೆ ಕಣ್ಣು ಮನೆಯೊಳಕ್ಕೇ ತಿರುಗಿತು. ಸೊಸೆ ವಾರದಲ್ಲಿ ನಾಲ್ಕು ದಿನ ಹನ್ನೊಂದು ಗಂಟೆಗೆ ದರ್ಜಿಯ ಅಂಗಡಿಗೆ ಹೋಗುತ್ತೇನೆಂದು ಹೊರಡುತ್ತಾಳೆ. ಇಷ್ಟು ಹೊಲಿಸಿದವಳು ತೊಡುವುದು ಅವೇ ಎರಡು ರವಿಕೆ. ಬರುವಾಗ ಸೆರಗು ಒದ್ದೆ. ಬಂದವಳೇ ಎರಡೆರಡು ಸಲ ಸೋಪು ಹಾಕಿ ಕೈ ತೊಳೆಯುತ್ತಾಳೆ. ಬುಟ್ಟಿಗಳನ್ನು ಈಗಿನಿಂದಲೇ ತನ್ನವಾಗಿಸಿಕೊಳ್ಳುತ್ತಿದ್ದಾಳೆ ಎಂದು ಏಡಿಯಕ್ಕನ ಹೊಟ್ಟೆ ಉರಿಯಿತು.

ಮರುದಿನ ಅವಳು ಬುಟ್ಟಿ ಇಳಿಸುವ ಕಟ್ಟೆಯ ಮೇಲೆ ಬೋರಲು ಹಾಕಿದ್ದ ದೋಣಿಯ ಹಿಂದೆ ಮೈಯೆಲ್ಲ ಕಣ್ಣಾಗಿ ಕೂತಳು. ಹನ್ನೊಂದೂವರೆಗೆ ಸೊಸೆ ಬಂದಳು. ಬುಟ್ಟಿ ಎಳೆದಳು, ದಾರ ಕತ್ತರಿಸಿದಳು, ಮೀನಿನ ತಲೆಯನ್ನು ಮೂಗಿಗೆ ಹಿಡಿದು ಮುಖ ತಿರುಗಿಸಿ ದೂರಕ್ಕೆಸೆದಳು. ಚೀಲದಿಂದ ಇನ್ನೊಂದು ತಲೆ ತೆಗೆದು ಕಟ್ಟತೊಡಗಿದಳು. ಒಂದು ಏಡಿಯನ್ನೂ ಮುಟ್ಟಲಿಲ್ಲ.

"ಎಷ್ಟು ದಿನದಿಂದ ನಡೀತಿದೆ ಇದು?" ಏಡಿಯಕ್ಕ ಎದ್ದು ನಿಂತು ಕೇಳಿದಳು.

ಸೊಸೆಯ ಕೈಯಿಂದ ಕತ್ತರಿ ಜಾರಿತು. "ಒಂದು ತಿಂಗಳಾಯ್ತು ಅತ್ತೆ. ಆವತ್ತು ಹಾಲು ಸೀದ ವಾಸನೆಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ರು. ನೀವು ಒಲೆಗೆ ಬೆನ್ನು ಹಾಕಿ ಅಲ್ಲೇ ದಾರ ಬಿಡಿಸ್ತಾ ಕೂತಿದ್ರಿ."

ಮಗನಿಗೂ ಗೊತ್ತಾಗಿಹೋಯಿತು, ಎಲ್ಲ ಮುಗಿಯಿತು ಎಂದು ಏಡಿಯಕ್ಕನಿಗೆ ಎನಿಸಿತು. "ಅವನಿಗೆ ಹೇಳಿದ್ಯಾ?"

"ಇಲ್ಲ. ಹೇಳಿದ್ರೆ ನಿಮ್ಮನ್ನ ಇಲ್ಲಿಗೆ ಬರೋಕೆ ಬಿಡ್ತಿರಲಿಲ್ಲ."

"ನನಗಾದ್ರೂ ಹೇಳಬಹುದಿತ್ತಲ್ಲ."

"ಹೇಳಿದ್ರೆ ನಂಬ್ತಿದ್ರಾ ಅತ್ತೆ? ಬುಟ್ಟಿ ಹೊಡ್ಕೊಳ್ಳೋಕೆ ಕಥೆ ಕಟ್ತಿದ್ದಾಳೆ ಅಂತಿದ್ರಿ."

ಹಾಗೆಯೇ ಅನ್ನುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಈ ಹುಡುಗಿ ಮನೆಗೆ ಬಂದ ಆರು ವರ್ಷದಲ್ಲಿ ಅವಳ ಒಂದು ಮಾತನ್ನೂ ತಾನು ಬಗೆದು ನೋಡದೆ ನಂಬಿರಲಿಲ್ಲ. ಏಡಿಯಕ್ಕ ಅಲ್ಲೇ ಕುಕ್ಕರಿಸಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಎರೆ ಒಂದು ಬದಿಗೆ ವಾಲಿತ್ತು. ಬಿಚ್ಚಿ ನಡುವಿಗೆ ತಂದು ಬಿಗಿದಳು.

"ಕಟ್ಟೋದು ನಿನಗೆ ಬರಲ್ಲ," ಎಂದಳು. "ನಾಳೆಯಿಂದ ಮೀನಿನಂಗಡಿಗೆ ಜೊತೇಲೇ ಹೋಗೋಣ. ನೀನು ಮೂಸಿ ಆರಿಸು, ನಾನು ಕಟ್ತೀನಿ."

ಸೊಸೆ ತಡವರಿಸಿದಳು. "ಮತ್ತೆ ಇವರಿಗೆ ಏನು ಹೇಳೋದು?"

ಏಡಿಯಕ್ಕ ಬುಟ್ಟಿಯನ್ನು ನೀರಿಗಿಳಿಸಿ ಹಗ್ಗವನ್ನು ಪೂರ್ತಿ ಬಿಟ್ಟಳು.

"ಸಂಜೆ ನಾನೇ ಹೇಳ್ತೀನಿ," ಎಂದಳು. "ಹೇಳೋವಾಗ ನೀನು ನನ್ನ ಪಕ್ಕದಲ್ಲಿ ಕೂತಿರು."